ನೆಗೆದು ದಾಟುವಷ್ಟು ಕಾಲುವೆ

ಹುಡುಗನಿಗೆ ಲೋಕ ಮುಗಿಯುತ್ತಿದ್ದುದು ಮನೆಯ ಹತ್ತಿರದ ಕಾಲುವೆಯಲ್ಲಿ. ಅದರಲ್ಲಿ ಮೊಸಳೆಗಳಿವೆ, ಸೊಲೊಮನ್ ದೊರೆಯ ಉಂಗುರ ನುಂಗಿದ ಮೀನಿದೆ ಎಂದು ನಂಬಿದ್ದ. ಕಾಲಲ್ಲಿ ಕಸುವಿರುವ ಯಾರಾದರೂ ನೆಗೆದು ದಾಟುವಷ್ಟೇ ಅದರ ಅಗಲ. ಅವನಿಗೆ ಅದು ಕಾಣುತ್ತಿರಲಿಲ್ಲ.

ಈಜಿಪ್ಟಿನ ತಾಹಾ ಹುಸೇನ್ ತಮ್ಮ ಆತ್ಮಕಥೆ ‘ಅಲ್ ಅಯ್ಯಾಮ್’ನಲ್ಲಿ ತಮ್ಮನ್ನು ‘ನಾನು’ ಎನ್ನುವುದಿಲ್ಲ, ಹುಡುಗ ಎನ್ನುತ್ತಾರೆ. 1889ರಲ್ಲಿ ಮಿನ್ಯಾ ಪ್ರಾಂತ್ಯದ ಹಳ್ಳಿಯಲ್ಲಿ ಹುಟ್ಟಿದಾಗ ಅವರಿಗೆ ಕಣ್ಣಿತ್ತು. ಕಣ್ಣುಬೇನೆ ಬಂತು, ಕೆಲವು ದಿನ ಯಾರೂ ಲಕ್ಷ್ಯ ಕೊಡಲಿಲ್ಲ. ಆಮೇಲೆ ಊರಿನ ಕ್ಷೌರಿಕನನ್ನು ಕರೆಸಿದರು. ಅವನ ಚಿಕಿತ್ಸೆಗೆ ಎರಡೂ ಕಣ್ಣು ಹೋದವು. ಮುಂದೆ ನಾಲ್ಕು ವರ್ಷದ ತಂಗಿಯೂ ವೈದ್ಯರಿಲ್ಲದೆ ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಇಲ್ಲದ್ದು ತಿಳಿವಳಿಕೆ. ಆ ಪುಟಗಳನ್ನು ಓದುವಾಗ ನನಗೆ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೆಂದೇ ತೋಚುವುದಿಲ್ಲ.

ಅಲ್ ಅಜ್ಹರ್, ಕೈರೋ, ಸೊರ್ಬಾನ್ ವಿಶ್ವವಿದ್ಯಾಲಯಗಳನ್ನು ದಾಟಿ ಅವರು ವಿದ್ವಾಂಸರಾದರು. ಇಸ್ಲಾಂಪೂರ್ವ ಕಾವ್ಯದ ಬಗ್ಗೆ ಬರೆದು ವಿಚಾರಣೆ ಎದುರಿಸಿದರು. 1932ರಲ್ಲಿ ಸರ್ಕಾರ ಅವರನ್ನು ಡೀನ್ ಹುದ್ದೆಯಿಂದ ತೆಗೆಯಿತು.

1950ರ ಜನವರಿಯಲ್ಲಿ, ಅರವತ್ತರ ವಯಸ್ಸಿನಲ್ಲಿ, ಪ್ರಧಾನಿ ನಹ್ಹಾಸ್ ಸಂಪುಟದ ಶಿಕ್ಷಣ ಸಚಿವರಾದರು. ಪ್ರೌಢಶಿಕ್ಷಣದ ಶುಲ್ಕ ತೆಗೆದುಹಾಕಿದರು. ವಿದ್ಯೆಯೂ ನೀರು, ಗಾಳಿಯಂತೆ ಎಲ್ಲರ ಹಕ್ಕು ಎಂಬ ಅವರ ಮಾತು ಈಜಿಪ್ಟಿನಲ್ಲಿ ಮನೆಮಾತಾಯಿತು. ನೈಲ್ ದಂಡೆಯವರ ಬಾಯಲ್ಲಿ ನೀರೆಂಬ ಮಾತಿಗೆ ತೂಕ ಬೇರೆ. ನದಿ ತುಂಬಿ ಹರಿದರೂ ಹೊಲಕ್ಕೆ ತಾನಾಗಿ ಬಾರದು, ಕಾಲುವೆ ತೋಡಬೇಕು, ಹೂಳು ತೆಗೆಯಬೇಕು. ಹಾಗಾಗಿ ಅವರ ಹೋಲಿಕೆಯಲ್ಲಿ ಪ್ರಕೃತಿಯ ದಾನಕ್ಕಿಂತ ಮನುಷ್ಯರ ದುಡಿಮೆಯೇ ನನಗೆ ಹೆಚ್ಚು ಕೇಳಿಸುತ್ತದೆ.

ಮೊದಲು ಗುಣಮಟ್ಟ, ಆಮೇಲೆ ಸಂಖ್ಯೆ ಎಂದು ಇಸ್ಮಾಯಿಲ್ ಅಲ್ ಖಬ್ಬಾನಿಯವರಂಥ ಶಿಕ್ಷಣತಜ್ಞರು ವಾದಿಸಿದರು. ಅದು ಸುಳ್ಳು ವಾದವಲ್ಲ. ಶಾಲೆಗಳೂ ಮೇಷ್ಟರುಗಳೂ ಸಾಲುತ್ತಿರಲಿಲ್ಲ. ಆದರೆ ಕೆಲವು ದಿನ ಕಾದದ್ದಕ್ಕೇ ಕಣ್ಣು ತೆತ್ತವರು ಇನ್ನೊಬ್ಬರ ಮಕ್ಕಳಿಗೆ ಕಾಯಿರಿ ಎಂದು ಹೇಗೆ ಹೇಳಿಯಾರು?

1952ರ ಜನವರಿಯಲ್ಲಿ ಕೈರೋ ಹೊತ್ತಿ ಉರಿಯಿತು. ಮರುದಿನ ದೊರೆ ಫಾರೂಕ್ ಸಂಪುಟವನ್ನು ವಜಾ ಮಾಡಿದ. ಎರಡು ವರ್ಷದ ಅಧಿಕಾರ ಅಲ್ಲಿಗೆ ತೀರಿತು. ತೆಗೆದ ಶುಲ್ಕ ಮಾತ್ರ ಮರಳಲಿಲ್ಲ. 1962ರಲ್ಲಿ ವಿಶ್ವವಿದ್ಯಾಲಯಗಳಲ್ಲೂ ಓದು ಉಚಿತವಾಯಿತು. ಆಗ ತಾಹಾ ಹುಸೇನರು ಇನ್ನೂ ಬದುಕಿದ್ದರು. ಬೇರೆಯವರು ಓದಿ ಹೇಳಿದ ಆ ಸುದ್ದಿಯನ್ನು ಕಿವಿಯಿಂದಲೇ ಕೇಳಿರಬೇಕು.