ಮಲಗಿಸಬೇಡಿ, ನಡೆಸಿ

ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಯಾರಾದರೂ ಸುಸ್ತೆಂದರೆ ಹಿರಿಯರ ಬಾಯಲ್ಲಿ ಮೊದಲು ಬರುವುದು, ‘ಹಂಡೆ ನೀರು ಕಾದಿದೆ, ಬಿಸಿಬಿಸಿ ಹೊಯ್ಕೊಂಡು ಮಲಕ್ಕೊ’ ಎಂಬ ಮಾತು. ಅಕ್ಕರೆಯ ಈ ಮಾತು ಒಂದು ಕಾಯಿಲೆಯವರಿಗೆ ಮಾತ್ರ ಆಗಿಬರುವುದಿಲ್ಲ. ಅದು ಮಲ್ಟಿಪಲ್ ಸ್ಕ್ಲೆರೋಸಿಸ್, ವೈದ್ಯರು ಎಂ.ಎಸ್. ಎನ್ನುವ ನರರೋಗ.

ಮೈಯ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು, ಮಿದುಳು, ಬೆನ್ನುಹುರಿಗಳ ನರದ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತದೆ. ಕಾಲು ಬಿಗಿಯುತ್ತದೆ, ಆಯ ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ. ಹೆಚ್ಚಾಗಿ ಶುರುವಾಗುವುದು 20ರಿಂದ 40ರೊಳಗೆ, ಅದರಲ್ಲೂ ಹೆಂಗಸರಿಗೆ. ಮಂಗಳೂರಿನಲ್ಲಿ ನಡೆದ ಅಧ್ಯಯನದಲ್ಲಿ ಲಕ್ಷಕ್ಕೆ ಹತ್ತು ಮಂದಿಗಿಂತ ಕಡಿಮೆ ಕಂಡುಬಂದ ಅಪರೂಪದ ಕಾಯಿಲೆ ಇದು. ಹೀಗಾಗಿ ಮನೆಯವರಿಗೆ ಅದು ಬರೀ ನಿಶ್ಶಕ್ತಿಯಾಗಿ ಕಾಣುತ್ತದೆ.

ದಣಿದಾಗ ಇಂಥವರ ಕಣ್ಣು ಮಂಜಾಗುವುದನ್ನು 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಉಥಾಫ್ ದಾಖಲಿಸಿದರು. ಮೈ ಕಾವೇರಿದ್ದೇ ಕಾರಣವೆಂದು ಆಮೇಲೆ ತಿಳಿಯಿತು. ಎಂ.ಆರ್.ಐ. ಬರುವ ಮೊದಲು ರೋಗ ಪತ್ತೆಗೆ ಬಿಸಿನೀರ ತೊಟ್ಟಿಯಲ್ಲಿ ಕೂರಿಸಿ ನೋಡುವ ಪರೀಕ್ಷೆಯೂ ಇತ್ತು! ಮೈ ಕಾವೇರೀತೆಂಬ ಹೆದರಿಕೆಯಿಂದ ವೈದ್ಯರೂ ಬಹುಕಾಲ ವ್ಯಾಯಾಮ ಬೇಡವೆಂದರು. 1996ರಲ್ಲಿ ಪ್ರಕಟವಾದ ಅಮೆರಿಕದ ಯೂಟಾದ ಅಧ್ಯಯನದಲ್ಲಿ ಹದಿನೈದು ವಾರ ವ್ಯಾಯಾಮ ಮಾಡಿದ ರೋಗಿಗಳ ದಮ್ಮೂ ಬಲವೂ ಹೆಚ್ಚಿದ್ದು ಕಂಡ ಮೇಲೆ ಆ ನಂಬಿಕೆ ಸಡಿಲವಾಯಿತು. ಕಾವಿನಿಂದ ಕಾಣುವ ತೊಂದರೆ ಮೈ ತಣಿದ ಮೇಲೆ ಇಳಿಯುತ್ತದೆ; ಅದರಿಂದ ನರಕ್ಕೆ ಹೊಸ ಗಾಯವಾಗುವುದಿಲ್ಲ. ಹೊಸ ತೊಂದರೆ ಒಂದು ದಿನ ಕಳೆದರೂ ಇಳಿಯದಿದ್ದರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಬೇಕು.

ಮಲಗಿಯೇ ಇದ್ದರೆ ಕಾಯಿಲೆ ಮುಟ್ಟದ ಸ್ನಾಯುವೂ ಸೊರಗುತ್ತದೆ. ನನಗೆ ಸಂಕಟವೆನಿಸುವುದು ಇದೇ. ಕಾಯಿಲೆ ಕಸಿದದ್ದು ಒಂದಿಷ್ಟು, ನಮ್ಮ ಪ್ರೀತಿ ಕಸಿದದ್ದು ಇನ್ನಷ್ಟು.

ಮಾಡಬೇಕಾದ್ದು ಬೆಟ್ಟದಷ್ಟೇನಿಲ್ಲ. ಬಿಸಿಲೇರುವ ಮೊದಲು ಜಗಲಿಯ ಕಂಬ ಹಿಡಿದು ಕುರ್ಚಿಯಿಂದ ಏಳುವುದು, ಕೂರುವುದು. ಹಿಮ್ಮಡಿ ಎತ್ತಿ ಇಳಿಸುವುದು. ಬಿಗಿದ ಮೀನಖಂಡವನ್ನು ಮೆಲ್ಲಗೆ ಎಳೆದು ಹಿಡಿಯುವುದು. ನಡುವೆ ವಿಶ್ರಾಂತಿ, ಕುತ್ತಿಗೆಗೆ ತಣ್ಣೀರಲ್ಲಿ ಹಿಂಡಿದ ಬಟ್ಟೆ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ತೋಟದ ಸಂಕ ಬೇಡವೇ ಬೇಡ, ಒಳಜಗಲಿಯಲ್ಲೇ ನಡೆಯಲಿ. ಯಾರಿಗೆ ಯಾವುದು, ಎಷ್ಟು ಎಂಬುದನ್ನು ಮಾತ್ರ ಫಿಸಿಯೋಥೆರಪಿಸ್ಟ್ ನೋಡಿಯೇ ಹೇಳಬೇಕು. ಅದಕ್ಕಾಗಿ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ದಿನಾ ಅಲೆಯುವುದು ಯಾರಿಂದಲೂ ಆಗದು. ಮನೆಯವರೊಬ್ಬರು ಜೊತೆಗೆ ಹೋಗಿ ಕಲಿತು ಬಂದು, ನಿತ್ಯ ಮಾಡಿಸಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಎಂ.ಎಸ್. ಕೂಡ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಸಂಕೋಚ ಬೇಡ. ಮುಂದಿನ ಸಲ ನರರೋಗ ತಜ್ಞರನ್ನು ಕಂಡಾಗ, ಮಾತ್ರೆಯ ಚೀಟಿಯ ಜೊತೆ ಫಿಸಿಯೋಥೆರಪಿಗೂ ಬರೆಸಿಕೊಂಡು ಬನ್ನಿ.