ಗೂಟ ಹೊಡೆಯುವ ಮೊದಲು

ಸಾಗರದ ಹತ್ತಿರದ ನಮ್ಮ ಊರಿನಲ್ಲಿ ಹಿತ್ತಲು ಹಿತ್ತಲುಗಳ ನಡುವೆ ಬೇಲಿ ಇದ್ದೂ ಇಲ್ಲದ ಹಾಗೆ. ನಾಲ್ಕು ದಾಸವಾಳ, ಒಂದು ಸಾಲು ಕ್ರೋಟನ್, ನಡುವೆ ಜನ ಓಡಾಡಿ ಸವೆದ ಕಾಲುದಾರಿ. ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಕರು ಆ ದಾರಿಯಿಂದ ನುಗ್ಗಿ ನನ್ನ ಬಸಳೆ ಚಪ್ಪರವನ್ನು ಎರಡು ಸಲ ಬುಡಮಟ್ಟ ಮೇಯ್ದಿತು. ಎರಡನೆಯ ಸಲ ನಾನು ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೆಲಸದವರನ್ನು ಕರೆಸಿ, ನನ್ನ ಕಣ್ಣಿಗೆ ಸರಿ ಕಂಡ ಸಾಲಿನಲ್ಲಿ ಗೂಟ ಹೊಡೆಸಿ ಹುರಿ ಎಳೆಸಿದೆ.

ಪಕ್ಕದ ಮನೆಯ ಮಾವ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರು. ನಮಗವರು ನೆಂಟರಲ್ಲ, ಚಿಕ್ಕಂದಿನಿಂದ ಮಾವ ಎಂದು ಕರೆದು ರೂಢಿ, ಅಷ್ಟೆ. ಹುರಿ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಆಮೇಲೆ ಹದಿನೈದು ದಿನ ಎರಡು ಮನೆಗೆ ಮಾತಿಲ್ಲ.

ಆ ಹದಿನೈದು ದಿನ ನಾನು ಜಾಗದ ಲೆಕ್ಕದಲ್ಲೇ ಇದ್ದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. ನನ್ನ ಹುರಿ ಒಂದಡಿ ಆಚೆ ಸರಿದಿದ್ದರೂ 33 ಅಡಿ ಉದ್ದಕ್ಕೆ ಹೆಚ್ಚುಕಡಿಮೆಯಾಗುವುದು 33 ಚದರ ಅಡಿ. ಹೆಚ್ಚೆಂದರೆ ಒಂದು ಬಸಳೆ ಚಪ್ಪರದ ಜಾಗ. ಇಷ್ಟಕ್ಕೆ ಇಷ್ಟು ಬೇಸರವೇ ಎಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಮಾವನಿಗೆ ನೋವಾದದ್ದು ಜಾಗಕ್ಕಲ್ಲ ಎಂದು ಹೊಳೆಯಲು ಅಷ್ಟು ದಿನ ಬೇಕಾಯಿತು. ಕೇಳದೆ ಹೊಡೆದ ಗೂಟ ‘ನಿಮ್ಮ ಹತ್ತಿರ ಮಾತಾಡಿ ಪ್ರಯೋಜನವಿಲ್ಲ’ ಎಂದು ನನ್ನ ಪರವಾಗಿ ಹೇಳಿಬಿಟ್ಟಿತ್ತು.

ಬೇಲಿಯ ಮಾತು ಹಿತ್ತಲಿನಿಂದ ಕೂಗಿ ಹೇಳುವಂಥದ್ದಲ್ಲ. ಕೆಲಸದವರ ಬಾಯಲ್ಲಿ ಹೇಳಿ ಕಳಿಸುವಂಥದ್ದೂ ಅಲ್ಲ. ಮುಂಬಾಗಿಲಿನಿಂದ ಹೋಗಬೇಕು, ಹಾಲು ಕರೆದು ಮುಗಿದ ಮೇಲೆ ಹೋಗಬೇಕು, ಜಗಲಿಯಲ್ಲಿ ಕೂರುವಷ್ಟು ಪುರುಸೊತ್ತು ಇಟ್ಟುಕೊಂಡು ಹೋಗಬೇಕು. ಒಂದು ಸಂಜೆ ಹಾಗೆ ಹೋದೆ.

“ಬಾ ತಮ್ಮಾ, ಕೂತ್ಕೋ” ಎಂದು ಮಾವ ಕವಳದ ತಟ್ಟೆ ಮುಂದೆ ತಳ್ಳಿದರು.

“ಮಾವ, ನಿಮ್ಮನ್ನ ಕೇಳದೆ ಗೂಟ ಹೊಡೆಸಿದ್ದು ನನ್ನ ತಪ್ಪು” ಎಂದೆ. ‘ಆದರೆ ನಿಮ್ಮ ಕರು...’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆ ‘ಆದರೆ’ ಸೇರಿದ ಕೂಡಲೇ ತಪ್ಪೊಪ್ಪಿಗೆ ದೂರಾಗಿಬಿಡುತ್ತದೆ. ಕರುವಿನ ವಿಷಯ ನಾನು ಎತ್ತಲಿಲ್ಲ. ಕವಳ ಮುಗಿಯುವ ಹೊತ್ತಿಗೆ ಅವರೇ ಎತ್ತಿದರು.

ಅಲ್ಲಿಂದ ಮುಂದೆ ಗಡಿ ಎಲ್ಲಿ ಎಂದು ಕೇಳುವ ಬದಲು, “ಈ ಜಾಗದಲ್ಲಿ ನಿಮ್ಮ ಮನೆಯದು ಏನೇನು ಹಾಯ್ತದೆ?” ಎಂದು ಕೇಳಿದೆ. ಮಾವ ಸ್ವಲ್ಪ ಯೋಚಿಸಿ, “ನಂಗೇನು ಗೊತ್ತು, ಅವಳನ್ನ ಕೇಳು” ಎಂದು ಅತ್ತೆಯನ್ನು ಕರೆದರು. ಹಿತ್ತಲಿನ ಯಜಮಾನಿಕೆ ಯಾರ ಹೆಸರಿನಲ್ಲಿದ್ದರೂ ಅದರ ವಿಷಯ ಬಲ್ಲವರು ಅಲ್ಲಿ ದಿನಾ ಓಡಾಡುವವರು. ಅವರನ್ನು ಬಿಟ್ಟು ಗಂಡಸರಿಬ್ಬರು ಜಗಲಿಯಲ್ಲಿ ಒಪ್ಪಿಕೊಂಡ ಬೇಲಿ ಎಷ್ಟೋ ಊರುಗಳಲ್ಲಿ ಜಗಳಕ್ಕೆ ಮೂಲವಾಗಿದೆ.

ಅತ್ತೆ ಹೇಳುತ್ತ ಹೋದರು. ಮಳೆಗಾಲದಲ್ಲಿ ಅವರ ಅಂಗಳದ ನೀರು ನಮ್ಮ ಹಿತ್ತಲು ಹಾಯ್ದೇ ಹಳ್ಳಕ್ಕೆ ಇಳಿಯಬೇಕು. ಪೂಜೆಯ ಹೂವಿಗೆ ಅವರು ದಿನಾ ಬರುವುದು ಗಡಿಯ ದಾಸವಾಳಕ್ಕೆ. ಏಪ್ರಿಲ್‌ನಲ್ಲಿ ಅವರ ಬಾವಿ ತಳ ಕಂಡರೆ ನಮ್ಮ ಬಾವಿಯೇ ಗತಿ. ಇದೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಆದರೂ ಹುರಿ ಎಳೆಸುವಾಗ ಒಂದೂ ನೆನಪಾಗಿರಲಿಲ್ಲ.

ಕಾನೂನು ಕೂಡ ಇದನ್ನು ವಿಚಾರಿಸುತ್ತದೆ. ಬೇರೆಯವರ ಜಾಗದ ಮೇಲಿನ ದಾರಿಯನ್ನೋ ನೀರಿನ ಹರಿವನ್ನೋ 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕಿನಿಂದ ಬಳಸಿದವರಿಗೆ 1882ರ ಈಸ್‌ಮೆಂಟ್ ಕಾಯ್ದೆ ಆಸರೆ ಕೊಡುತ್ತದೆ. ನಮ್ಮ ಜಾಗ ಎಂಬ ಒಂದೇ ಮಾತಿನಿಂದ ನೀರಿಗೆ ಅಡ್ಡ ಗೋಡೆ ಹಾಕಲು ಬರುವುದಿಲ್ಲ.

ಗಡಿಯ ಬಗ್ಗೆಯೇ ಅನುಮಾನವಿದ್ದರೆ ಜಮೀನಿಗೆ ಹದ್ದುಬಸ್ತು ಇದೆ. ಅರ್ಜಿ ಕೊಟ್ಟರೆ ಸರ್ಕಾರಿ ಭೂಮಾಪಕರು ಬಂದು ಅಳೆದು ಗಡಿ ಗುರುತಿಸುತ್ತಾರೆ. ಅದಕ್ಕೆ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ. ಆ ನೋಟಿಸ್ ಕೈಗೆ ಬಂದಾಗಲೇ ನೆರೆಯವರಿಗೆ ವಿಷಯ ತಿಳಿಯುವಂತಾದರೆ ಅದು ಅವರ ಪಾಲಿಗೆ ಕೋರ್ಟಿನ ಸಮನ್ಸ್ ಇದ್ದ ಹಾಗೆ. “ಅಳತೆ ಮಾಡಿಸೋಣ ಅಂತಿದೀನಿ, ನೀವೂ ಎದುರಿಗೆ ನಿಂತ್ಕೊಳ್ಳಿ” ಎಂದು ಮೊದಲೇ ಹೇಳಿದ್ದರೆ ಅದೇ ಕಾಗದ ಕರೆಯೋಲೆಯಾಗುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಜಾಗಗಳನ್ನು ಡ್ರೋನ್‌ನಿಂದ ಅಳೆಯುತ್ತಾರೆ. ಅದು ಹಾರುವ ಮೊದಲು ನೆಲದ ಮೇಲೆ ಜಾಗದ ಅಂಚಿಗೆ ಸುಣ್ಣದ ಗೆರೆ ಎಳೆಯಬೇಕು. ಆಕಾಶದಿಂದ ಅಳೆಯುವ ಯಂತ್ರಕ್ಕೂ ನೆಲದ ಮೇಲಿನ ಒಪ್ಪಿಗೆ ಬೇಕೇಬೇಕು.

ನಾವು ಹದ್ದುಬಸ್ತಿನವರೆಗೆ ಹೋಗಲಿಲ್ಲ. ಮರುದಿನ ಮಾವ ಕ್ರೋಟನ್ ಸಾಲಿನ ಬುಡ ಕೆದಕಿ ಹಳೆಯ ಗಡಿಕಲ್ಲು ತೋರಿಸಿದರು. ನನ್ನ ಹುರಿ ಅದಕ್ಕಿಂತ ಒಂದು ಗೇಣು ಆಚೆ, ಅವರ ಕಡೆಗೇ ಇತ್ತು. ಹುರಿಯ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಗೂಟ ಕಿತ್ತು ಕಲ್ಲಿನ ನೇರಕ್ಕೆ ಮತ್ತೆ ಹೊಡೆದೆವು.

ಸಿಮೆಂಟಿನ ಕಾಂಪೌಂಡ್ ಬೇಡ, ನೀರು ಕಟ್ಟಿಕೊಳ್ಳುತ್ತದೆ ಎಂದು ಇಬ್ಬರೂ ಒಪ್ಪಿದೆವು. ಮಳೆ ಹಿಡಿದ ಮೇಲೆ ಗ್ಲಿರಿಸಿಡಿಯಾ ಗೂಟ ನೆಟ್ಟೆವು. ಕಡಿದು ನೆಟ್ಟರೂ ಚಿಗುರುತ್ತದೆ, ಸೊಪ್ಪು ಎರಡೂ ಮನೆಯ ಗೊಬ್ಬರಗುಂಡಿಗೆ ಆಗುತ್ತದೆ. ಖರ್ಚು ಅರ್ಧರ್ಧ, ಸೊಪ್ಪು ಸವರುವುದು ಒಂದು ವರ್ಷ ಅವರು, ಒಂದು ವರ್ಷ ನಾವು. ನೀರು ಹಾಯುವಲ್ಲಿ ಪೈಪು ಹಾಕಿದೆವು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎರಡು ಮನೆಯಲ್ಲೂ ಒಂದೊಂದು ಪ್ರತಿ ಇಟ್ಟುಕೊಂಡಿದ್ದೇವೆ. ನಮ್ಮ ಮೇಲೆ ಅನುಮಾನವಿದ್ದುದಕ್ಕೆ ಬರೆದದ್ದಲ್ಲ, ಮುಂದೆ ಮಕ್ಕಳಿಗೆ ಗೊತ್ತಿರಲಿ ಎಂದು.

ಕಾಲುದಾರಿ ಇದ್ದಲ್ಲಿ ದಣಪೆ ಇಟ್ಟೆವು. ಬೆಳಿಗ್ಗೆ ಹೂವಿಗೆ ಬರುವ ಅತ್ತೆ ಅಡ್ಡಗೋಲು ಸರಿಸಿ ಬರುತ್ತಾರೆ, ಹೋಗುವಾಗ ಹಾಕಿ ಹೋಗುತ್ತಾರೆ. ನಮ್ಮ ಮಕ್ಕಳು ಆಟದ ಗಡಿಬಿಡಿಯಲ್ಲಿ ಅದನ್ನು ತೆಗೆದಿಟ್ಟು ಓಡಿದರೆ, ಆಚೆಯಿಂದ ಅವರ ದನಿಯೇ ಮೊದಲು ಕೇಳುತ್ತದೆ: “ದಣಪೆ ಹಾಕ್ರೋ, ಬಸಳೆ ಉಳಿಯೂದಿಲ್ಲ!”