ಹೊರಗಿನವರ ಮೋಕ್ಷ

2021ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡಾಗ ನಾನು ಪುಣೆಯಿಂದ ಹಾವೇರಿ ಕಡೆಯ ನಮ್ಮ ಹಳ್ಳಿಗೆ ಇ-ಪಾಸ್ ಹಿಡಿದು ಒಬ್ಬನೇ ಕಾರು ಓಡಿಸಿಕೊಂಡು ಹೋಗಿದ್ದೆ. ಆ ವಾರವೇ ನಮ್ಮ ಪ್ರಾಜೆಕ್ಟಿನ ದೊಡ್ಡ ರಿಲೀಸ್ ಇತ್ತು. ಅದನ್ನು ಹೊತ್ತು ದಡ ಮುಟ್ಟಿಸಿದವರು ನಮ್ಮ ಟೀಮಿನ ಹಿರಿಯ ಟೆಸ್ಟರ್, ಮಂಗಳೂರು ಕಡೆಯ ಕ್ಯಾಥೊಲಿಕ್ ಹೆಣ್ಣುಮಗಳು. ಮೂರನೆಯ ದಿನ ಫೋನ್ ಮಾಡಿ, "ಸರ್, ಇಲ್ಲಿಯ ಚಿಂತೆ ಬೇಡ. ನಿಮ್ಮ ತಂದೆಯವರಿಗಾಗಿ ದಿನಾ ಪ್ರಾರ್ಥನೆ ಮಾಡ್ತಾ ಇದ್ದೇನೆ" ಎಂದರು. ಥ್ಯಾಂಕ್ಸ್ ಹೇಳಿ ಫೋನಿಟ್ಟೆ.

ಮರುವರ್ಷ ಆಫೀಸು ಮತ್ತೆ ತೆರೆದ ಮೇಲೆ, ಒಂದು ಸಂಜೆ ಚಹಾದ ಅಂಗಡಿಯ ಮುಂದೆ ನಿಂತು ಅವರನ್ನು ಕೇಳಿದೆ: "ನಿಮ್ಮ ಧರ್ಮದ ಪ್ರಕಾರ ನಮ್ಮಪ್ಪ ಈಗ ಎಲ್ಲಿದ್ದಾರೆ?" ಕೇಳಬಾರದಿತ್ತು. ಅವರು ಲೋಟ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನನ್ನತ್ರ ಕೇಳ್ಬೇಡಿ ಸರ್, ಫಾದರ್ ಹತ್ರ ಕೇಳಿ" ಎಂದರು.

ನಾನು ಫಾದರ್ ಹತ್ತಿರ ಹೋಗಲಿಲ್ಲ. ಪುಸ್ತಕಗಳ ಹತ್ತಿರ ಹೋದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಅಪ್ಪ ನಿವೃತ್ತ ಶಾಲಾ ಮಾಸ್ತರರು, ದಿನವೂ ಇಷ್ಟಲಿಂಗ ಪೂಜೆ ಮಾಡಿಯೇ ನಾಷ್ಟಾ ಮಾಡುತ್ತಿದ್ದವರು. ಸತ್ತರು ಅಂತ ಯಾರೂ ಅನ್ನಲಿಲ್ಲ, ಲಿಂಗೈಕ್ಯರಾದರು ಅಂದರು. ಎಲ್ಲಿಗೆ ಹೋದರು ಎಂಬುದಕ್ಕೆ ಉತ್ತರ ಆ ಪದದಲ್ಲೇ ಇದೆ. ಹಾಗಿದ್ದರೂ ಬೇರೊಬ್ಬರ ಲೆಕ್ಕದ ಪುಸ್ತಕದಲ್ಲಿ ಅಪ್ಪನ ಹೆಸರು ಯಾವ ಪುಟದಲ್ಲಿದೆ ಎಂದು ನೋಡುವ ಚಟ ನನಗೇಕೆ ಹತ್ತಿತೋ.

ಹಳೆಯ ಉತ್ತರ ಕಠೋರವಾಗಿದೆ. ಧರ್ಮಸಭೆಯ ಹೊರಗೆ ಮೋಕ್ಷವಿಲ್ಲ ಎಂಬ ಮಾತು ಮೂರನೆಯ ಶತಮಾನದ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಅವರಿಂದ ಬಂದದ್ದು. ಅವರ ಕಣ್ಣೆದುರು ಇದ್ದವರು ನಮ್ಮಂಥವರಲ್ಲ, ಸಭೆಯನ್ನು ಒಡೆದುಕೊಂಡು ಹೋಗುತ್ತಿದ್ದ ಕ್ರೈಸ್ತರೇ. ಒಡೆದು ಹೋಗಬೇಡಿ ಎಂದು ಒಳಗಿನವರಿಗೆ ಕೊಟ್ಟ ಎಚ್ಚರಿಕೆ ಕಾಲಕ್ರಮದಲ್ಲಿ ಹೊರಗಿನವರಿಗೆಲ್ಲ ಕೊಟ್ಟ ತೀರ್ಪಾಯಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಘೋಷಣೆ ಅನ್ಯಧರ್ಮೀಯರು, ಯೆಹೂದಿಗಳು, ಸಭೆ ಬಿಟ್ಟವರು ಎಲ್ಲರನ್ನೂ ಹೆಸರಿಸಿ, ಸಾಯುವ ಮುನ್ನ ಒಳಗೆ ಬಾರದಿದ್ದರೆ ನಿತ್ಯ ಬೆಂಕಿಯೇ ಗತಿ ಎಂದಿತು. ಒಂದು ಸಂದರ್ಭಕ್ಕೆ ಬರೆದ ರೂಲ್ ಎಲ್ಲದಕ್ಕೂ ಡೀಫಾಲ್ಟ್ ಆಗುವುದು ಏನೆಂದು ನಮ್ಮ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಟೆಸ್ಟರುಗಳು ಆಗಲೂ ಇದ್ದರು. ಫ್ಲಾರೆನ್ಸ್ ಘೋಷಣೆಗೆ ನೂರು ವರ್ಷಕ್ಕೂ ಮುಂಚೆ ಅದೇ ಊರಿನ ಡಾಂಟೆ ತನ್ನ ಕಾವ್ಯದ ಸ್ವರ್ಗದ ಭಾಗದಲ್ಲಿ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸುತ್ತಾನೆ. ಸಿಂಧೂ ನದಿಯ ದಂಡೆಯ ಮೇಲೆ ಹುಟ್ಟಿದವನು. ಕ್ರಿಸ್ತನ ಹೆಸರು ಹೇಳುವವರು, ಓದುವವರು, ಬರೆಯುವವರು ಅಲ್ಲಿ ಯಾರೂ ಇಲ್ಲ. ನಡತೆಯಲ್ಲಿ ದೋಷವಿಲ್ಲ. ದೀಕ್ಷಾಸ್ನಾನವಿಲ್ಲದೆ ಸಾಯುತ್ತಾನೆ. ಇವನನ್ನು ಶಿಕ್ಷಿಸುವ ನ್ಯಾಯ ಯಾವುದು? ಏಳು ನೂರು ವರ್ಷ ಹಿಂದೆ ಇಟಲಿಯ ಕವಿಯೊಬ್ಬ ಹುಡುಕಿದ ಎಡ್ಜ್ ಕೇಸ್ ನಮ್ಮವನೇ! ಡಾಂಟೆ ನೇರ ಉತ್ತರ ಕೊಡುವುದಿಲ್ಲ. ದೇವರ ನ್ಯಾಯ ಅಳೆಯಲು ನೀನಾರು ಎಂದು ಗದರಿಸಿ, ಮುಂದಿನ ಸರ್ಗದಲ್ಲಿ ಟ್ರಾಯ್ ಊರಿನ ರಿಫಿಯಸ್ ಎಂಬ ಅನ್ಯಧರ್ಮೀಯನನ್ನು ಸ್ವರ್ಗದಲ್ಲೇ ಕೂರಿಸಿರುತ್ತಾನೆ. ತನಗೆ ಗುರುವಾಗಿ ದಾರಿ ತೋರಿಸಿದ ವರ್ಜಿಲ್‌ನನ್ನು ಮಾತ್ರ ನರಕದ ಹೊಸ್ತಿಲಲ್ಲೇ ಬಿಡುತ್ತಾನೆ. ಇದು ನನಗೆ ಇಂದಿಗೂ ಜೀರ್ಣವಾಗಿಲ್ಲ.

ಪುಣೆಯವರು ರಜೆ ಸಿಕ್ಕರೆ ಗೋವಾಕ್ಕೆ ಓಡುತ್ತೇವೆ. ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಬೆಳ್ಳಿಯ ಪೆಟ್ಟಿಗೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅವರ ಮೇಲೆ ನನಗೆ ವಿಶೇಷ ಅಭಿಮಾನವೇನಿಲ್ಲ. ಗೋವಾಕ್ಕೆ ಇನ್‌ಕ್ವಿಸಿಷನ್ ಬೇಕೆಂದು ಪೋರ್ಚುಗಲ್ ದೊರೆಗೆ ಪತ್ರ ಬರೆದವರು ಅವರೇ. ಆದರೆ 1552ರ ಜನವರಿಯಲ್ಲಿ, ಜಪಾನಿನಿಂದ ಮರಳಿದ ಮೇಲೆ, ಕೊಚ್ಚಿಯಿಂದ ಅವರು ಬರೆದ ಇನ್ನೊಂದು ಪತ್ರವಿದೆ. ಜಪಾನಿನಲ್ಲಿ ಹೊಸದಾಗಿ ಕ್ರೈಸ್ತರಾದವರು ಅವರನ್ನು ಕೇಳಿದ್ದು ನಾನು ಕೇಳಿದ್ದನ್ನೇ. ಸತ್ತುಹೋದ ನಮ್ಮ ಅಪ್ಪ, ಅವ್ವ, ಮಕ್ಕಳು ಎಲ್ಲಿದ್ದಾರೆ? ದಾನ, ಪ್ರಾರ್ಥನೆ ಮಾಡಿದರೆ ಅವರನ್ನು ನರಕದಿಂದ ಬಿಡಿಸಲಾಗದೇ? ಯಾವ ದಾರಿಯೂ ಇಲ್ಲ ಎಂದು ಕ್ಸೇವಿಯರ್ ಉತ್ತರಿಸಿದರು. ಜನ ಅತ್ತರು. ತಾವು ಇಷ್ಟೊಂದು ಪ್ರೀತಿಸುವವರು ಅಳುವುದನ್ನು ಕಂಡು ತಮಗೂ ಕಣ್ಣೀರು ತಡೆಯಲಾಗಲಿಲ್ಲ ಎಂಬ ಅರ್ಥದಲ್ಲಿ ಅವರು ಬರೆದುಕೊಂಡಿದ್ದಾರೆ.

ಆ ಭಾಗವನ್ನು ನಾನು ಬಹಳ ಸಲ ಓದಿದ್ದೇನೆ. ಅವರು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. ಸಿದ್ಧಾಂತ ಒಂದು ಹೇಳುತ್ತಿದೆ, ಕಣ್ಣು ಇನ್ನೊಂದು ಹೇಳುತ್ತಿದೆ. ದೇವರ ತೀರ್ಪು ನ್ಯಾಯವೇ ಆಗಿದ್ದರೆ ಅದಕ್ಕೆ ಅಳುವುದೇಕೆ? ದೇವರಿಗಿಂತ ಕ್ಸೇವಿಯರ್ ಅವರ ಕರುಳು ಮೃದು ಎಂದು ಒಪ್ಪಬೇಕು, ಇಲ್ಲವೇ ಸಿದ್ಧಾಂತವೇ ಎಲ್ಲೋ ತಪ್ಪಿದೆ ಎನ್ನಬೇಕು. ಮೂರನೆಯ ದಾರಿ ನನಗಂತೂ ಕಾಣುವುದಿಲ್ಲ.

ಅಳದೆ ಎದ್ದು ಹೋದವರೂ ಇದ್ದಾರೆ. ಎಂಟನೆಯ ಶತಮಾನದ ಆರಂಭದಲ್ಲಿ, ಈಗಿನ ನೆದರ್‌ಲ್ಯಾಂಡ್ಸ್ ಸೀಮೆಯ ಫ್ರಿಸಿಯನ್ನರ ದೊರೆ ರಾಡ್‌ಬೋಡ್ ದೀಕ್ಷಾಸ್ನಾನಕ್ಕೆಂದು ನೀರಿಗೆ ಕಾಲಿಟ್ಟು, ನನ್ನ ಹಿರಿಯರು ಎಲ್ಲಿದ್ದಾರೆ ಎಂದು ಕೇಳಿದನಂತೆ. ನರಕದಲ್ಲಿ ಎಂದರಂತೆ. ಹಾಗಾದರೆ ಅಲ್ಲಿಗೇ ಹೋಗುತ್ತೇನೆ ಎಂದು ಕಾಲು ಹಿಂದೆಗೆದುಕೊಂಡನಂತೆ. ದಂತಕಥೆ ಇರಬಹುದು. ಆದರೆ ಭಾರತ ಕೇಳಿ ಬೆಳೆದವರಿಗೆ ತಟ್ಟನೆ ನೆನಪಾಗುವವನು ಧರ್ಮರಾಯ. ಸ್ವರ್ಗದಲ್ಲಿ ದುರ್ಯೋಧನ ಕೂತಿದ್ದಾನೆ, ತಮ್ಮಂದಿರು, ದ್ರೌಪದಿ ನರಕದಲ್ಲಿ ಕೂಗುತ್ತಿದ್ದಾರೆ. ಅವನೂ ನಾನು ಇಲ್ಲೇ ಇರುತ್ತೇನೆ ಎನ್ನುತ್ತಾನೆ. ನಮ್ಮ ಕಥೆಯಲ್ಲಿ ಅದು ಪರೀಕ್ಷೆಯಾಗಿತ್ತು, ಅವನು ಪಾಸಾದ. ರಾಡ್‌ಬೋಡ್‌ನನ್ನು ಫೇಲಾದವನೆಂದೇ ಬರೆದಿಟ್ಟರು.

ಇದನ್ನು ಓದಿ ನಮ್ಮವರು ಹಿಗ್ಗಬೇಕಾಗಿಲ್ಲ. ನಿತ್ಯ ನರಕ ಪರದೇಶದ ಸರಕು, ನಮ್ಮಲ್ಲಿ ಎಲ್ಲರಿಗೂ ಇಂದಲ್ಲ ನಾಳೆ ಬಿಡುಗಡೆ ಎಂದು ವಾಟ್ಸಾಪಿನಲ್ಲಿ ಬರೆಯುವವರು ಉಡುಪಿಯ ಮಧ್ವಾಚಾರ್ಯರನ್ನು ಮರೆತಿರುತ್ತಾರೆ. ಕೆಲವು ಜೀವಗಳು ಸ್ವಭಾವದಿಂದಲೇ ತಮೋಯೋಗ್ಯರು, ಅವರಿಗೆ ಕೊನೆಯೇ ಇಲ್ಲದ ಅಂಧತಮಸ್ಸು ಎಂಬುದು ಅಚ್ಚ ಕರಾವಳಿಯಲ್ಲಿ ಬೆಳೆದ ವಾದ.

ಕ್ಯಾಥೊಲಿಕ್ ಸಭೆ ಆ ಹಳೆಯ ಉತ್ತರದಲ್ಲಿ ನಿಲ್ಲಲಿಲ್ಲ. 1940ರ ದಶಕದಲ್ಲಿ ಬಾಸ್ಟನ್‌ನ ಫಾದರ್ ಲಿಯೊನಾರ್ಡ್ ಫೀನಿ, ಹೊರಗಿನವರಿಗೆ ಮೋಕ್ಷವಿಲ್ಲವೆಂದರೆ ಇಲ್ಲ, ಅಷ್ಟೇ ಎಂದು ಬೋಧಿಸುತ್ತಿದ್ದರು. 1949ರಲ್ಲಿ ರೋಮ್ ಅವರ ಅರ್ಥವನ್ನು ತಪ್ಪೆಂದಿತು. ಅವಿಧೇಯತೆಗಾಗಿ 1953ರಲ್ಲಿ ಅವರನ್ನೇ ಸಭೆಯಿಂದ ಹೊರಗೆ ಹಾಕಿತು. ಹೊರಗೆ ನಿಂತು ಅವರಿಗೆ ಏನನ್ನಿಸಿತೋ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಆದರೂ ಪ್ರಾಮಾಣಿಕವಾಗಿ ದೇವರನ್ನು ಅರಸಿ ಆತ್ಮಸಾಕ್ಷಿಯಂತೆ ಬಾಳುವವರಿಗೂ ಮೋಕ್ಷ ಸಾಧ್ಯ ಎಂದು ಬರೆಯಿತು. ಸಿಂಧೂ ದಂಡೆಯವನ ಫೈಲು ಕೊನೆಗೂ ಮುಂದಕ್ಕೆ ಸರಿಯಿತು.

ಜರ್ಮನಿಯ ಕಾರ್ಲ್ ರಾಹ್ನರ್ ಇನ್ನೂ ಮುಂದೆ ಹೋಗಿ, ಅಂಥವರು ಹೆಸರಿಲ್ಲದ ಕ್ರೈಸ್ತರು, ಅವರಿಗೇ ಅದು ಗೊತ್ತಿಲ್ಲ ಎಂದರು. ಓದಿದ ಕೂಡಲೇ ನನಗೆ ಸಮಾಧಾನವಾಯಿತು, ಎರಡೇ ನಿಮಿಷದಲ್ಲಿ ಸಿಟ್ಟೂ ಬಂತು. ಎಪ್ಪತ್ತು ವರ್ಷ ಅಂಗೈಯಲ್ಲಿ ಲಿಂಗ ಹಿಡಿದ ಮನುಷ್ಯನಿಗೆ ನೀವು ನಮ್ಮವರೇ ಬಿಡಿ ಅನ್ನುವುದು ಎಂಥ ಔದಾರ್ಯ? ಅಪ್ಪನಿಗೆ ಮಿಷನ್ ಶಾಲೆಯ ಮಾಸ್ತರರು ಸ್ನೇಹಿತರಾಗಿದ್ದರು. ಕ್ರಿಸ್ತನ ವಿಷಯ ತಿಳಿಯದವರೇನಲ್ಲ. ತಿಳಿದೂ ತಮ್ಮ ದಾರಿಯಲ್ಲಿ ನಡೆದವರು. ಅವರನ್ನು ಅರಿಯದವರ ಸಾಲಿಗೆ ಸೇರಿಸಿ ಪಾರು ಮಾಡುವುದೆಂದರೆ ಅವರ ಬಾಳನ್ನೇ ಒಂದು ತಪ್ಪು ತಿಳಿವಳಿಕೆ ಎಂದಂತಲ್ಲವೇ? ಆಮೇಲೆ ಗೀತೆಯ ಒಂಬತ್ತನೆಯ ಅಧ್ಯಾಯ ನೆನಪಾಯಿತು. ಬೇರೆ ದೇವರನ್ನು ಪೂಜಿಸುವವರೂ ವಿಧಿ ತಪ್ಪಿ ನನ್ನನ್ನೇ ಪೂಜಿಸುತ್ತಾರೆ ಎಂದು ಕೃಷ್ಣ ಹೇಳುವುದೂ ಹೆಚ್ಚುಕಡಿಮೆ ಇದೇ. ನನ್ನ ಸಿಟ್ಟು ಅರ್ಧಕ್ಕಿಳಿಯಿತು.

ಇಲ್ಲಿ ನಮ್ಮ ನಾಡಿನವರೊಬ್ಬರು ನೆನಪಾಗಬೇಕು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನ ಥಿಯಾಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಮುಂದೆ ಜಿನೀವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನಲ್ಲಿ ಅನ್ಯಧರ್ಮೀಯರೊಡನೆ ಸಂವಾದದ ವಿಭಾಗವನ್ನು ಮೊದಲು ನಡೆಸಿದವರು. ಪ್ರಾಟೆಸ್ಟೆಂಟರಾಗಿದ್ದೂ, ಕ್ರಿಸ್ತನನ್ನು ಬಿಡದೆ, ದೇವರನ್ನು ಕ್ರಿಸ್ತನೊಬ್ಬನಿಗೇ ಕುಗ್ಗಿಸಬೇಡಿ ಎಂದರು. ಇದನ್ನು ಒಪ್ಪದ ಕ್ರೈಸ್ತರು ಬಹಳ. ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಹೋಗಲಾರರು ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿ ಇದೆಯಲ್ಲ ಎಂದು ಅವರು ಕೇಳಿದರೆ, ಇದೆ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವೂ ಇದೆ. ಅಲ್ಲಿ ಕೊನೆಯ ತೀರ್ಪಿನ ದಿನ ಯಾರ ನಂಬಿಕೆ ಏನೆಂದು ವಿಚಾರಿಸುವುದಿಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು ಕೊಟ್ಟೆಯಾ, ರೋಗಿಯನ್ನು ನೋಡಲು ಹೋದೆಯಾ, ಇಷ್ಟೇ. ಪಾರಾದವರು ಬೆಪ್ಪಾಗಿ, ನಿನಗೆ ನಾವು ಯಾವಾಗ ಕೊಟ್ಟೆವು ಎಂದು ಕೇಳುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಅವರ ಪಂಗಡವಲ್ಲ, ತಾವು ಮಾಡಿದ ಕೆಲಸದ ಬೆಲೆ. ರಾಹ್ನರ್ ಹೇಳಿದ್ದಕ್ಕಿಂತ ಈ ಅರಿಯದಿರುವಿಕೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಒಂದು ಸರಳ ಸಂಗತಿ ತಡವಾಗಿ ಹೊಳೆಯಿತು. ಕ್ಯಾಥೊಲಿಕ್ ನಂಬಿಕೆಯಲ್ಲಿ ನರಕಕ್ಕೆ ಹೋದವರಿಗಾಗಿ ಪ್ರಾರ್ಥಿಸಿ ಫಲವಿಲ್ಲ, ಕ್ಸೇವಿಯರ್ ಹೇಳಿದ್ದೇ ಅದು. ಹಾಗಾದರೆ ಆ ಮೇ ತಿಂಗಳು ನಮ್ಮ ಟೆಸ್ಟರ್ ದಿನವೂ ಅಪ್ಪನಿಗಾಗಿ ಪ್ರಾರ್ಥಿಸಿದ್ದೇಕೆ? ನಾನು ಕೇಳುವುದಕ್ಕೆ ಒಂದು ವರ್ಷ ಮೊದಲೇ ಅವರು ಉತ್ತರ ಕೊಟ್ಟಾಗಿತ್ತು.

ಆ ನವೆಂಬರಿನಲ್ಲಿ ಅವರಿಂದ ಮೆಸೇಜು ಬಂತು. ನವೆಂಬರ್ 2 ಸತ್ತವರನ್ನು ನೆನೆಯುವ ದಿನ, ಪೂಜೆಗೆ ಹೆಸರುಗಳ ಚೀಟಿ ಕೊಡುತ್ತೇವೆ, ನಿಮಗೆ ಅಡ್ಡಿಯಿಲ್ಲದಿದ್ದರೆ ನಿಮ್ಮ ತಂದೆಯವರ ಹೆಸರನ್ನೂ ಬರೆಯುತ್ತೇನೆ, ಸ್ಪೆಲಿಂಗ್ ಹೇಳಿ ಎಂದಿದ್ದರು. ಅಡ್ಡಿ ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಊರಿಗೆ ಫೋನ್ ಹಚ್ಚಿ ಅವ್ವನನ್ನು ಕೇಳಿದೆ.

"ಬರೀಲಿ ಬಿಡೋ, ಅದರಾಗೇನೈತಿ" ಎಂದಳು ಅವ್ವ. "ಹೆಸರು ತಪ್ಪ ಬರೀಬ್ಯಾಡ್ರಿ ಅಂತ ಹೇಳು. ರೇಷನ್ ಕಾರ್ಡಿನ್ಯಾಗೂ ತಪ್ಪ ಬರದಿದ್ರು."